ಬೀಗ ಒಡೆದು ಮೀಟರ್ ಕಿತ್ತುಕೊಂಡು ಹೋದರೆ, ಮೊದಲು ವಾರಂಟ್ ಕೇಳಿ

ಬ್ರಿಟನ್ನಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಈ ಮಾತು. ಕೆಲಸ ಮುಗಿಸಿ ಬಂದರೆ ಬಾಗಿಲಿಗೆ ಹೊಸ ಬೀಗ, ಒಳಗೆ ಕರೆಂಟ್ ಇಲ್ಲವೇ ಗ್ಯಾಸ್ ಮೀಟರ್ ಇದ್ದ ಜಾಗ ಖಾಲಿ; ಬಾಕಿ ಇದೆ ಎಂದು ಕಂಪನಿಯವರು ಕಿತ್ತುಕೊಂಡು ಹೋಗಿದ್ದಾರೆ. ಆಗ ಬಹಳ ಜನ ಕಂಪನಿಗೆ ಫೋನ್ ಮಾಡಿ, ಬಾಕಿ ಎಷ್ಟು ಅನ್ನೋದರ ಮೇಲೆ ಜಗಳಕ್ಕೆ ಇಳಿಯುತ್ತಾರೆ. ಬಾಕಿಯ ಮಾತು ಆಮೇಲೆ ಇರಲಿ. ಮೊದಲ ಪ್ರಶ್ನೆ: ಯಾವ ಅಧಿಕಾರದ ಮೇಲೆ ಒಳಗೆ ಬಂದಿರಿ?

1954ರ ಪ್ರವೇಶ ಹಕ್ಕಿನ ಕಾಯ್ದೆಯ ಪ್ರಕಾರ, ತುರ್ತು ಅಪಾಯದ ಸಂದರ್ಭ ಬಿಟ್ಟರೆ, ಮನೆಯವರ ಒಪ್ಪಿಗೆ ಇರಬೇಕು, ಇಲ್ಲವೇ ಮ್ಯಾಜಿಸ್ಟ್ರೇಟ್ ಕೊಟ್ಟ ವಾರಂಟ್ ಇರಬೇಕು. ವಾರಂಟ್ ಸಿಗೋದು ಕಂಪನಿ ಪ್ರಮಾಣ ಮಾಡಿ ಹೇಳಿದ ಮಾಹಿತಿಯ ಮೇಲೆ. ತಪ್ಪು ಹುಡುಕಬೇಕಾದ್ದು ಅಲ್ಲೇ. ಹಿಂದಿನ ಬಾಡಿಗೆದಾರರ ಸಾಲ, ಪಕ್ಕದ ಫ್ಲ್ಯಾಟಿನ ಮೀಟರ್, ಹಳೇ ವಿಳಾಸಕ್ಕೆ ಹೋದ ನೋಟಿಸು, ಇವೆಲ್ಲ ನಿಮ್ಮ ಹೆಸರಿಗೆ ಅಂಟಿಕೊಂಡಿರಬಹುದು. ಒಂದು ಕಾಲದಲ್ಲಿ ಕೋರ್ಟುಗಳು ಇಂಥ ಅರ್ಜಿಗಳನ್ನು ನೂರಾರು ಸಂಖ್ಯೆಯಲ್ಲಿ ಒಟ್ಟಿಗೇ ಮಂಜೂರು ಮಾಡುತ್ತಿದ್ದವು. ಪ್ರೀಪೇಮೆಂಟ್ ಮೀಟರ್ (ಮೊದಲೇ ಹಣ ಕಟ್ಟಿ ಬಳಸುವ ಮೀಟರ್) ಹಾಕಲು ಕೇಳುವ ವಾರಂಟುಗಳನ್ನು 2023ರ ಫೆಬ್ರವರಿಯಲ್ಲಿ ತಡೆಹಿಡಿಯಲಾಯಿತು. ಅದೇ ವರ್ಷ ನವೆಂಬರಿನಿಂದ, ಕರೆಂಟ್, ಗ್ಯಾಸ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಆಫ್‌ಜೆಮ್‌ನ ಕಡ್ಡಾಯ ನಿಯಮ ಬಂತು: ಬಲವಂತವಾಗಿ ಪ್ರೀಪೇಮೆಂಟ್ ಹಾಕುವ ಮೊದಲು ಗ್ರಾಹಕರನ್ನು ಕನಿಷ್ಠ 10 ಸಲ ಸಂಪರ್ಕಿಸಲು ಯತ್ನಿಸಿರಬೇಕು.

ಹಾಗಾಗಿ ವಾರಂಟಿನ ಪ್ರತಿಯನ್ನು, ಅದಕ್ಕೆ ಹಾಕಿದ ಅರ್ಜಿಯನ್ನು ಬರವಣಿಗೆಯಲ್ಲಿ ಕೇಳಿ. ಹೆಸರು, ವಿಳಾಸ, ದಿನಾಂಕ ತಾಳೆ ನೋಡಿ. ಪ್ರತಿ ಮನೆಯ ಸಂಪರ್ಕಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ: ಕರೆಂಟಿಗೆ 13 ಅಂಕೆಯ ಎಂಪಿಎಎನ್, ಗ್ಯಾಸಿಗೆ 6ರಿಂದ 10 ಅಂಕೆಯ ಎಂಪಿಆರ್‌ಎನ್. ಅರ್ಜಿಯಲ್ಲಿರುವ ಸಂಖ್ಯೆ ನಿಮ್ಮ ಮನೆಯದ್ದೇನಾ? ಜೊತೆಗೆ ನಿಮ್ಮ ಖಾತೆಯ ಎಲ್ಲ ಮಾಹಿತಿ, ಕರೆಗಳ ದಾಖಲೆ, ಆ ದಿನ ತೆಗೆದ ಫೋಟೋ, ವಿಡಿಯೋ ಕೇಳಿ. ಡೇಟಾ ರಕ್ಷಣಾ ಕಾನೂನಿನಡಿ ಇದು ಉಚಿತ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು.

ಇನ್ನೊಂದು ವಿಷಯ ತುಂಬಾ ಜನರಿಗೆ ಹೊಳೆಯೋದೇ ಇಲ್ಲ: ಕಿತ್ತ ಮೀಟರ್. ಅದು ಗುಜರಿಗೆ ಹೋದರೆ ನಿಮ್ಮ ಸಾಕ್ಷಿಯೂ ಹೋಯಿತು. "ಮೀಟರನ್ನು ವಿಲೇವಾರಿ ಮಾಡಬೇಡಿ, ಕೊನೆಯ ರೀಡಿಂಗಿನ ಫೋಟೋ ಮತ್ತು ಸೀರಿಯಲ್ ನಂಬರ್ ಕಳಿಸಿ" ಎಂದು ಅವತ್ತೇ ಇಮೇಲ್ ಹಾಕಿ. ಮೀಟರ್ ಜೋರಾಗಿ ಓಡುತ್ತಿತ್ತು ಅನ್ನೋ ಅನುಮಾನ ಇದ್ದರೆ ಅದು ಪರೀಕ್ಷೆಗೆ ಸಿಗಲೇಬೇಕು. ಕರೆಂಟ್ ಮೀಟರು ಹೆಚ್ಚೆಂದರೆ ಶೇ 2.5ರಷ್ಟು ಜಾಸ್ತಿ, ಶೇ 3.5ರಷ್ಟು ಕಡಿಮೆ ತೋರಿಸಬಹುದು. ಗ್ಯಾಸ್ ಮೀಟರಿಗೆ ಎರಡೂ ಕಡೆ ಶೇ 2. ಅದರಾಚೆ ಹೋದರೆ ಬಿಲ್ಲಿನ ಲೆಕ್ಕ ನಿಲ್ಲೋದಿಲ್ಲ.

ಬಾಗಿಲು, ಬೀಗ, ಮೀಟರಿನ ಜಾಗ ಎಲ್ಲದರ ಫೋಟೋ ತೆಗೆಯಿರಿ. ಮನೆಯನ್ನು ಮೊದಲಿನಷ್ಟೇ ಭದ್ರವಾಗಿ ಬಿಟ್ಟುಹೋಗುವುದು, ಆದ ಹಾನಿಯನ್ನು ಸರಿಪಡಿಸುವುದು ಅಥವಾ ಪರಿಹಾರ ಕೊಡುವುದು ಅದೇ 1954ರ ಕಾಯ್ದೆ ಕಂಪನಿಯ ಮೇಲೆ ಹೊರಿಸಿದ ಹೊಣೆ. ವೈರು, ಪೈಪು ಮಾತ್ರ ದಯವಿಟ್ಟು ಮುಟ್ಟಬೇಡಿ. ನೇರವಾಗಿ ಜೋಡಿಸಿಕೊಂಡರೆ ಜೀವಕ್ಕೇ ಅಪಾಯ, ಮೇಲೆ ಕಳ್ಳತನದ ಕೇಸು.

ದೂರನ್ನು "ಇದು ಔಪಚಾರಿಕ ದೂರು" ಎಂದೇ ಶುರು ಮಾಡಿ, ದಿನಾಂಕ ಹಾಕಿ. 8 ವಾರದಲ್ಲಿ ಬಗೆಹರಿಯದಿದ್ದರೆ, ಅಥವಾ ಅದಕ್ಕೂ ಮುಂಚೆ "ಇನ್ನು ನಮ್ಮಿಂದಾಗದು" ಎಂಬ ಡೆಡ್‌ಲಾಕ್ ಪತ್ರ ಬಂದರೆ, ಇಂಥ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆಯಾದ ಎನರ್ಜಿ ಒಂಬುಡ್ಸ್‌ಮನ್ ಬಳಿ ಹೋಗಿ. ಪತ್ರ ಬಂದಿದ್ದರೆ 12 ತಿಂಗಳೊಳಗೆ ಹೋಗಬೇಕು. ಖರ್ಚಿಲ್ಲ, 10,000 ಪೌಂಡಿನವರೆಗೆ ಪರಿಹಾರ ಕೊಡಿಸಬಹುದು, ತೀರ್ಮಾನ ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ಆದರೆ ಕೋರ್ಟಿನ ವಾರಂಟನ್ನೇ ರದ್ದು ಮಾಡುವ ಅಧಿಕಾರ ಅವರಿಗಿಲ್ಲ. ಪ್ರಮಾಣದ ಮಾಹಿತಿಯೇ ಸುಳ್ಳು ಎಂದು ಗೊತ್ತಾದರೆ ವಕೀಲರನ್ನು ಹಿಡಿಯಿರಿ.

ಬಾಕಿಯ ಲೆಕ್ಕಕ್ಕೆ ಈಗ ಬನ್ನಿ. ಕಂಪನಿಯ ತಪ್ಪಿನಿಂದ ಬಿಲ್ ಆಗದೆ ಉಳಿದ, 12 ತಿಂಗಳಿಗಿಂತ ಹಳೆಯ ಬಳಕೆಗೆ ಹಣ ಕೇಳುವಂತಿಲ್ಲ. ವಾರಂಟಿನ ಖರ್ಚು 150 ಪೌಂಡ್ ಮೀರುವಂತಿಲ್ಲ. ಸಂಪರ್ಕ ಮರಳಿ ಕೊಡಬೇಕಾದರೆ ಕಂತಿನ ಒಪ್ಪಂದಕ್ಕೆ ಸಹಿ ಹಾಕಿ ಎಂದು ಒತ್ತಾಯಿಸಿದರೆ, "ಈ ಬಾಕಿ ವಿವಾದದಲ್ಲಿದೆ, ಸಾಲ ಒಪ್ಪಿಕೊಂಡು ಕಟ್ಟುತ್ತಿಲ್ಲ" ಎಂದು ಬರೆದು, ಅದರ ಪ್ರತಿ ಇಟ್ಟುಕೊಂಡೇ ಸಹಿ ಮಾಡಿ.