ಟೀವಿಯಲ್ಲಿ ಕಾಣುವ ಚುಕ್ಕಿ ಕೂಲಿಯವರಿಗೂ ಕಾಣಲಿ

ಕೇಳುಗರಿಗೆ ನಮಸ್ಕಾರ.

ದಸರಾ ಹತ್ತಿರ ಬಂತು. ಮೈಸೂರು ಸುತ್ತಲಿನ ಹೂಟಗಳ್ಳಿ, ಕೂರ್ಗಳ್ಳಿ, ಕಡಕೊಳ, ಆ ಕಡೆ ಮಂಡ್ಯದ ತೂಬಿನಕೆರೆ, ಎಲ್ಲೆಲ್ಲಿ ದೊಡ್ಡ ಗೋಡೌನುಗಳಿವೆಯೋ ಅಲ್ಲೆಲ್ಲ ಈಗ ಎಷ್ಟು ಆಳು ಬಂದರೂ ಸಾಲದು. ಮೇಸ್ತ್ರಿಗಳು ನಂಜನಗೂಡು, ತಿ. ನರಸೀಪುರದ ಕಡೆಯಿಂದ ವ್ಯಾನಿನಲ್ಲಿ ಜನ ತುಂಬಿಕೊಂಡು ಬರುತ್ತಾರೆ. ದೀಪಾವಳಿ ಕಳೆದರೆ ಅವರ ಕೆಲಸವೂ ಕಳೆಯಿತು. ಈ ಹಂಗಾಮಿ ಕೆಲಸಗಾರರ ಕೊರಳಿಗೆ ಈಚೆಗೆ ಒಂದು ಟ್ಯಾಗು ಬೀಳುತ್ತಿದೆ. ನೋಡಲು ಮಾಮೂಲಿ ಗುರುತಿನ ಚೀಟಿ. ಆದರೆ ಅವರು ಯಾವ ಸಾಲಿನಲ್ಲಿ, ಯಾವ ರ್ಯಾಕಿನ ಮುಂದೆ ನಿಂತಿದ್ದಾರೆ ಎಂಬುದು ಸೂಪರ್‌ವೈಸರ್ ಕೋಣೆಯ ಟೀವಿಯಲ್ಲಿ ಚುಕ್ಕಿಯಾಗಿ ಕಾಣುತ್ತಿರುತ್ತದೆ.

ಇಂಥ ವ್ಯವಸ್ಥೆ ಕೂರಿಸಿಕೊಡುವುದೇ ನನ್ನ ಕಸುಬು. ಹಾಗಾಗಿ ಇದನ್ನು ಬಯ್ಯಲು ಬಂದಿಲ್ಲ. ಬಳಸಿ, ಧಾರಾಳವಾಗಿ ಬಳಸಿ. ನನ್ನದು ಒಂದೇ ಮಾತು: ಮಾಲೀಕರಿಗೆ ಕಾಣುವ ಲೆಕ್ಕ ಟ್ಯಾಗು ಹಾಕಿಕೊಂಡವರಿಗೂ ಕಾಣಬೇಕು. ಇದನ್ನೇ ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಇದು ಕೆಲಸ ಮಾಡುವ ಬಗೆ. ಬಹಳ ಜನ ಜಿಪಿಎಸ್ ಅಂದುಕೊಳ್ಳುತ್ತಾರೆ. ಅಲ್ಲ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,000 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬರುವ ಸಣ್ಣ ಸಂಕೇತ ಗೋಡೌನಿನ ತಗಡಿನ ಸೂರು ದಾಟಿ ಒಳಗೆ ಬರುವಾಗ ಸೋತುಹೋಗುತ್ತದೆ. ಅದು ಲಾರಿಗೆ ಸರಿ. ಒಳಗೆ ಬಳಸುವುದು ಹೆಚ್ಚಾಗಿ ಬ್ಲೂಟೂತ್. ಕಂಬ ಕಂಬಕ್ಕೆ ಒಂದು ಪೆಟ್ಟಿಗೆ ಹೊಡೆದಿರುತ್ತೇವೆ. ಟ್ಯಾಗು ಸದಾ ಸಂಕೇತ ಕಳಿಸುತ್ತಿರುತ್ತದೆ. ತಮಟೆ ಸದ್ದು ಜೋರಾದರೆ ಮೆರವಣಿಗೆ ಹತ್ತಿರ ಬಂತು ಅಂತ ಮನೆಯೊಳಗೇ ಕೂತು ಹೇಳುತ್ತೇವಲ್ಲ, ಹಾಗೆಯೇ ಯಾವ ಪೆಟ್ಟಿಗೆಗೆ ಸಂಕೇತ ಜೋರಾಗಿ ಬಂತೋ ಆ ಕಂಬದ ಹತ್ತಿರ ಆಳಿದ್ದಾನೆ ಎಂದು ಲೆಕ್ಕ. ಕಬ್ಬಿಣದ ರ್ಯಾಕು, ಎಣ್ಣೆ ಡಬ್ಬ, ನೀರಿನ ಕ್ಯಾನು ಅಡ್ಡ ಬಂದರೆ ಈ ಲೆಕ್ಕ ಒಂದೆರಡು ಮೀಟರ್ ತಪ್ಪುತ್ತದೆ. ಒಂದೆರಡು ಮೀಟರ್ ಎಂದರೆ ಪಕ್ಕದ ಸಾಲು. ಅಲ್ಟ್ರಾ ವೈಡ್‌ಬ್ಯಾಂಡ್ ಅಂತ ಇನ್ನೊಂದಿದೆ, ಒಂದು ಮೊಳದೊಳಗೆ ಜಾಗ ಹೇಳುತ್ತದೆ, ಆದರೆ ದುಬಾರಿ.

ಇಷ್ಟು ಹೇಳಿದ ಮೇಲೂ ಕೆಲವು ಮಾಲೀಕರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಬಾತ್‌ರೂಮಿಗೆ ಎಷ್ಟು ಸಲ ಹೋಗ್ತಾರೆ ಅಂತ ಇದರಲ್ಲಿ ಗೊತ್ತಾಗುತ್ತಾ ಸರ್?" ಸ್ವಾಮಿ, ನಿಮ್ಮ ಕುಕ್ಕರು ಎಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ.

ಕುಕ್ಕರು ಅಂದಿದ್ದಕ್ಕೆ ಕಾರಣವಿದೆ, ಕೇಳಿ. ಹೂಟಗಳ್ಳಿ ಕಡೆಯ ಒಂದು ಗೋಡೌನು, ಹೆಸರು ಬೇಡ. ಕುಕ್ಕರ್, ಮಿಕ್ಸಿ, ಫ್ಲಾಸ್ಕು, ಇಂಥ ಅಡುಗೆಮನೆ ಸಾಮಾನು. ದಸರಾ ಮುಂಚಿನ ದಿನಗಳು. ಹತ್ತು ನಿಮಿಷ ಕದಲದೆ ನಿಂತರೆ ಚುಕ್ಕಿ ಕೆಂಪಾಗಬೇಕು ಎಂದು ಅವರೇ ಹೇಳಿ ಮಾಡಿಸಿಕೊಂಡಿದ್ದರು. ನಾನು ತಪಾಸಣೆಗೆ ಹೋದಾಗ ಸೂಪರ್‌ವೈಸರ್ ಟೀವಿ ತೋರಿಸಿದ. "ನೋಡಿ ಸರ್, ಈಯಮ್ಮ ಮೂರು ದಿನದಿಂದ ಅದೇ ಮೂಲೆ. ಹತ್ತೂವರೆ ಆದ್ರೆ ಸಾಕು, ಹೋಗಿ ಕೂತುಬಿಡ್ತಾಳೆ." ಪಕ್ಕದಲ್ಲಿ ಒಂದು ಹಸಿರು ಚುಕ್ಕಿ ಒಂದೇ ಸಮನೆ ಓಡಾಡುತ್ತಿತ್ತು. "ಈ ಹುಡುಗ ನೋಡಿ, ಚಿನ್ನದಂಥೋನು." ಅಂದವನೇ ಮೇಸ್ತ್ರಿಗೆ ಫೋನ್ ಹಚ್ಚಿ, ನಾಳೆಯಿಂದ ಆ ಹೆಂಗಸು ಬೇಡ ಅಂತ ಹೇಳಲು ಶುರುಮಾಡಿದ. ಒಂದು ನಿಮಿಷ ತಾಳಪ್ಪ ಎಂದು ನಾನು ಎದ್ದೆ. ಆ ಕೋಣೆಯಿಂದ ಆ ಮೂಲೆಗೆ ನೂರು ಹೆಜ್ಜೆಯೂ ಇರಲಿಲ್ಲ. ಮೂರು ದಿನದಲ್ಲಿ ಯಾರೂ ನಡೆದು ಹೋಗಿ ನೋಡಿರಲಿಲ್ಲ.

ಆಕೆ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಿದ್ದರು. ಸುತ್ತ ಕುಕ್ಕರ್ ಡಬ್ಬಗಳು. ಕೈಯಲ್ಲಿ ದಪ್ಪ ಮಾರ್ಕರ್ ಪೆನ್ನು. ಒಂದೊಂದೇ ಡಬ್ಬ ಎತ್ತಿ ತೂಕ ನೋಡಿ, ಕನ್ನಡ ಅಂಕಿಯಲ್ಲಿ ದೊಡ್ಡದಾಗಿ ೩, ೫ ಎಂದು ಬರೆದು ಬೇರೆ ಬೇರೆ ಪೇರಿಸುತ್ತಿದ್ದರು. ಏನಮ್ಮ ಇದು ಅಂದೆ. "ನೋಡಿ ಸಾ, ಮೂರ್ ಲೀಟ್ರುದು ಐದ್ ಲೀಟ್ರುದು ಎಲ್ಲಾ ಒಂದೇ ಬಣ್ಣದ ಡಬ್ಬ. ಕಲಸಾಕ್ಬುಟ್ಟವ್ರೆ. ಎತ್ಕಂಡೋದೋರು ತಿರ್ಗ ವಾಪಸ್ ತತ್ತಾವ್ರೆ. ಬೆಳಿಗ್ಗೆ ಲಾರಿ ಹೋದ್ಮೇಲೆ ಒಸಿ ಬಿಡುವಾಯ್ತದೆ, ಆವಾಗ ಮಾಡ್ತಿವ್ನಿ." ನಿಮ್ಮ ಚುಕ್ಕಿ ಕೆಂಪಾಗಿದೆ, ಗೊತ್ತಾ ಅಂದೆ. ಕೊರಳ ಟ್ಯಾಗನ್ನು ಎತ್ತಿ ತಿರುಗಿಸಿ ನೋಡಿಕೊಂಡರು. ಅದರಲ್ಲಿ ಏನು ಕಾಣಬೇಕು? "ನಂಗ್ಯಾರೂ ಯೋಳ್ನೇ ಇಲ್ವಲ್ಲ ಸಾ."

ಇನ್ನು ಆ ಚಿನ್ನದಂಥ ಹುಡುಗ. ಅವನ ಹಿಂದೆಯೂ ಸ್ವಲ್ಪ ಹೊತ್ತು ನಡೆದೆ. ಕೆಳಗಿನ ರ್ಯಾಕುಗಳ ಸ್ಟಿಕ್ಕರು ಟ್ರಾಲಿ ಉಜ್ಜಿ ಉಜ್ಜಿ ಸವೆದಿದ್ದವು. ಬಿ-12 ಯಾವುದು, ಡಿ-12 ಯಾವುದು ಅಂತ ಗೊತ್ತಾಗದೆ ಪಾಪ ಅವನು ಸಾಲಿಂದ ಸಾಲಿಗೆ ಅಲೆಯುತ್ತಿದ್ದ. ಕೇಳಿದರೆ ದಡ್ಡ ಅಂದಾರು ಅಂತ ಯಾರನ್ನೂ ಕೇಳಿಲ್ಲ. ಟೀವಿಯಲ್ಲಿ ಮಾತ್ರ ಅವನೇ ಎಲ್ಲರಿಗಿಂತ ಹಸಿರು.

ಕೆಂಪು ಚುಕ್ಕಿ ಎರಡೂ ಕಡೆಗೆ ಕಂಡಿದ್ದರೆ ಮೊದಲ ದಿನವೇ ಆಕೆ ಬಂದು ಹೇಳುತ್ತಿದ್ದರು. ಚುಕ್ಕಿ ಜಾಗ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕಾರಣ ಗೊತ್ತಿರುವುದು ಟ್ಯಾಗು ಹಾಕಿಕೊಂಡವರಿಗೆ. ಅವರಿಗೆ ತೋರಿಸದೆ ಕೇಳುವುದು ಹೇಗೆ?

ಕುಕ್ಕರ್ ಕಥೆಯಲ್ಲೇ ನನ್ನ ಅರ್ಧಕ್ಕಿಂತ ಹೆಚ್ಚು ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೈಯಲ್ಲಿ ಹಿಡಿಯುವ ಸ್ಕ್ಯಾನರಿಗೂ ಇದೇ ಮಾತು. ಫ್ರಾನ್ಸಿನಲ್ಲಿ ಖಾಸಗಿ ಮಾಹಿತಿ ಕಾಯುವ ಸರ್ಕಾರಿ ಸಂಸ್ಥೆ ಸಿಎನ್‌ಐಎಲ್ 2023ರ ಡಿಸೆಂಬರಿನಲ್ಲಿ ಅಮೆಜಾನ್‌ನ ಅಲ್ಲಿನ ಗೋದಾಮು ಕಂಪನಿಗೆ 3 ಕೋಟಿ 20 ಲಕ್ಷ ಯೂರೋ ದಂಡ ಹಾಕಿತು. ಸ್ಕ್ಯಾನರು ಹತ್ತು ನಿಮಿಷ ಸುಮ್ಮನಿದ್ದರೆ ಒಂದು ಗುರುತು, ಒಂದು ವಸ್ತು ಆದ 1.25 ಸೆಕೆಂಡಿನೊಳಗೆ ಇನ್ನೊಂದನ್ನು ಸ್ಕ್ಯಾನ್ ಮಾಡಿದರೆ ಅವಸರ ಅಂತ ಇನ್ನೊಂದು ಗುರುತು. ನಿಧಾನ ಆದರೂ ತಪ್ಪು, ಬೇಗ ಆದರೂ ತಪ್ಪು. ಹಂಗಾಮಿ ಕೆಲಸಗಾರರಿಗೆ ಇದನ್ನೆಲ್ಲ ಸರಿಯಾಗಿ ತಿಳಿಸಿರಲಿಲ್ಲ ಎಂಬುದೂ ಆ ಆದೇಶದಲ್ಲಿದೆ.

ನಮ್ಮಲ್ಲೂ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿದೆ. ಆ ಮೊಕದ್ದಮೆ ಹೂಡಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು.

ಇನ್ನು ದುಡ್ಡಿನ ವಿಚಾರ. ವಾರಕ್ಕೆ 48 ಗಂಟೆ ದಾಟಿ ದುಡಿಸಿದರೆ ಓಟಿಗೆ ದುಪ್ಪಟ್ಟು ಕೂಲಿ. ಮೇಸ್ತ್ರಿ ಬಟವಾಡೆ ಮಾಡದೆ ಕೈ ಎತ್ತಿದರೆ ಗೋಡೌನಿನ ಮಾಲೀಕರೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿದ್ದೂ ಅದೇ, ಈಗಿನ ಕಾರ್ಮಿಕ ಸಂಹಿತೆ ಹೇಳುವುದೂ ಅದೇ. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಎಂಟು ಗಂಟೆ ಬರೆದಿರುತ್ತದೆ, ಟ್ಯಾಗು ಹತ್ತೂವರೆ ಗಂಟೆ ತೋರಿಸುತ್ತಿರುತ್ತದೆ. ಹೆಂಗಸರೇ, ಹುಡುಗರೇ, ಆ ಲೆಕ್ಕ ನಿಮ್ಮದೂ ಹೌದು. ಕೇಳಿ ಪಡೆಯಿರಿ.

ಕೊಡುವುದು ಹೇಗೆ ಅಂತ ಮಾಲೀಕರು ಕೇಳುತ್ತಾರೆ. ಬಸ್ ಕಂಡಕ್ಟರ್ ಸೊಂಟದಲ್ಲಿ ಇಟ್ಟುಕೊಳ್ಳುವಂಥ ಒಂದು ಚಿಕ್ಕ ಪ್ರಿಂಟರು ಸಾಕು. ಶಿಫ್ಟು ಮುಗಿಸಿ ಗೇಟಿನಲ್ಲಿ ಟ್ಯಾಗು ವಾಪಸ್ ಕೊಡುವಾಗ ಒಂದು ಚೀಟಿ ಬರಲಿ: ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಚುಕ್ಕಿ ಕೆಂಪಾದ ಹೊತ್ತು ಮತ್ತು ಜಾಗ. ಕನ್ನಡದಲ್ಲಿರಲಿ. ಆ ಚೀಟಿಯ ಅಕ್ಷರ ಬೇಗ ಮಾಸುತ್ತದೆ, ಹಾಗಾಗಿ ಚೀಟಿ ಸಿಕ್ಕವರು ಅವತ್ತೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ನಮಸ್ಕಾರ.