ಬಿಯರ್ ಡಬ್ಬಿಯಲ್ಲಿದ್ದ ಸಾಕ್ಷಿ: ರೋಜರ್ ಕ್ಲೆಮೆನ್ಸ್ ಕೇಸ್ ಯಾಕೆ ನಿಲ್ಲಲಿಲ್ಲ?

[ಕಾರವಾರ, ಟಾಗೋರ್ ಬೀಚ್. ಮೈಕಿಗೆ ಗಾಳಿ ಬಡಿಯುತ್ತಿದೆ.]

ನಮಸ್ಕಾರ. ಶಿರಸಿಯಲ್ಲಿ ಕಬಡ್ಡಿ ಆಡುವ ಹುಡುಗನೊಬ್ಬ ಕೇಳಿದ್ದಾನೆ: "ಅಣ್ಣಾ, ಟೆಸ್ಟಲ್ಲಿ ಏನೂ ಸಿಗದಿದ್ರೂ, ಯಾರೋ ಒಬ್ಬ ಬಾಯಿಬಿಟ್ರೆ ನಾವು ಡೋಪಿಂಗ್ ಕೇಸಲ್ಲಿ ಸಿಕ್ಕಿಬೀಳ್ತೀವಾ?"

ಬೀಳಬಹುದು ತಮ್ಮಾ. ಮೂತ್ರದ ಸ್ಯಾಂಪಲ್ಲೇ ಬೇಕು ಅಂತ ನಿಯಮವಿಲ್ಲ. ನಂಬುವಂಥ ಹೇಳಿಕೆಯೂ ನಡೆಯುತ್ತದೆ. ಆದ್ರೆ ಹೇಳಿದವನನ್ನೇ ನಂಬೋಕಾಗದಿದ್ರೆ?

ಅಮೆರಿಕದ ರೋಜರ್ ಕ್ಲೆಮೆನ್ಸ್ ಬೇಸ್‌ಬಾಲ್ ಪಿಚರ್, ಅಂದ್ರೆ ಚೆಂಡು ಎಸೆಯುವವರು. 354 ಗೆಲುವು, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ 7 ಸಲ. ಬೇಸ್‌ಬಾಲ್ ಪಾಠ ಇಷ್ಟೇ ಸಾಕು. 2007ರ ಡಿಸೆಂಬರ್‌ನಲ್ಲಿ, ಬೇಸ್‌ಬಾಲ್‌ನಲ್ಲಿ ನಡೆದ ಡೋಪಿಂಗ್ ಬಗ್ಗೆ ತನಿಖೆ ಮಾಡಿದ ಮಿಚೆಲ್ ವರದಿ ಬಂತು. ಅದರಲ್ಲಿ, ತಾನೇ ಕ್ಲೆಮೆನ್ಸ್‌ಗೆ ಸ್ಟೀರಾಯ್ಡ್ ಚುಚ್ಚಿದ್ದೆ ಅಂತ ಹಳೇ ಟ್ರೈನರ್ ಬ್ರಯಾನ್ ಮ್ಯಾಕ್‌ನಾಮಿ ಹೇಳಿದ್ದರು. 2008ರಲ್ಲಿ ಕ್ಲೆಮೆನ್ಸ್ ಸಂಸತ್ ಸಮಿತಿ ಮುಂದೆ ಪ್ರಮಾಣ ಮಾಡಿ ಇಲ್ಲ ಅಂದರು. ಹಾಗಾಗಿ 2010ರಲ್ಲಿ ಕೇಸ್ ಹಾಕಿದ್ದು ಔಷಧಿ ತಗೊಂಡಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ.

ಈಗ ನನಗೆ ಭಾರೀ ಇಷ್ಟದ ಭಾಗ. ಮ್ಯಾಕ್‌ನಾಮಿ ಬಳಸಿದ ಸೂಜಿ, ಹತ್ತಿಯನ್ನು ಎಸೆದಿರಲಿಲ್ಲ. ಎಲ್ಲಿ ಇಟ್ಟಿದ್ದರು ಗೊತ್ತಾ? ಖಾಲಿ ಮಿಲ್ಲರ್ ಲೈಟ್ ಬಿಯರ್ ಡಬ್ಬಿಯಲ್ಲಿ! ಆ ಡಬ್ಬಿಯನ್ನು ಕೊರಿಯರ್ ಪೆಟ್ಟಿಗೆಗೆ ಹಾಕಿ ಮನೆಯಲ್ಲಿ ಇಟ್ಟುಕೊಂಡಿದ್ದರು. ಸೀಲ್ ಇಲ್ಲ, ಚೀಟಿ ಇಲ್ಲ. ತನಿಖೆಯವರ ಕೈಗೆ ಕೊಟ್ಟಿದ್ದು 2008ರಲ್ಲಿ, ವರ್ಷಗಟ್ಟಲೆ ಆದಮೇಲೆ. ಹತ್ತಿಯ ಮೇಲೆ ಕ್ಲೆಮೆನ್ಸ್ ಡಿಎನ್‌ಎ ಇದೆ ಅಂತ ಸರ್ಕಾರದ ತಜ್ಞರು ಹೇಳಿದರು. ಆದ್ರೆ ಇಲ್ಲಿನ ಮೀನು ಮಾರ್ಕೆಟಿನಲ್ಲಿ ಬಂಗಡೆ, ಶೆಟ್ಲಿ ಒಂದೇ ಚೀಲಕ್ಕೆ ತುಂಬಿಸಿ, ಮನೆಗೆ ಬಂದು ವಾಸನೆ ಬೇರೆ ಮಾಡಿ ನೋಡಿ! ಕ್ಲೆಮೆನ್ಸ್ ವಕೀಲರು ಹಿಡಿದಿದ್ದೂ ಅದನ್ನೇ. ಇದು ಸಾಕ್ಷಿ ಅಲ್ಲ, ಕಸ ಅಂದರು.

ಡಬ್ಬಿ ಹೋಗಲಿ, ಕೊಟ್ಟವರ ಮಾತಾದ್ರೂ ಗಟ್ಟಿ ಇತ್ತಾ? ಬೇರೊಂದು ತನಿಖೆಯಲ್ಲಿ ಪೊಲೀಸರಿಗೆ ಸುಳ್ಳು ಹೇಳಿದ್ದನ್ನು ಮ್ಯಾಕ್‌ನಾಮಿಯೇ ಒಪ್ಪಿಕೊಂಡಿದ್ದರು. ಈ ಕೇಸಲ್ಲೂ ಕಥೆ ಆಗಾಗ ಬದಲಾಗ್ತಿತ್ತು. ಇನ್ನೊಬ್ಬ ಸಾಕ್ಷಿ, ಕ್ಲೆಮೆನ್ಸ್ ಜೊತೆ ಆಡಿದ ಗೆಳೆಯ ಆಂಡಿ ಪೆಟಿಟ್. ಗ್ರೋತ್ ಹಾರ್ಮೋನ್ (ಅದೂ ಡೋಪಿಂಗ್ ಔಷಧಿಯೇ) ತಗೊಂಡಿದ್ದನ್ನು ಕ್ಲೆಮೆನ್ಸ್ ತನ್ನ ಹತ್ರ ಹೇಳಿದ್ದರು ಅಂದಿದ್ದರು. ಪಾಟೀಸವಾಲಿನಲ್ಲಿ ಕ್ಲೆಮೆನ್ಸ್ ವಕೀಲರು, ನೀವು ತಪ್ಪು ತಿಳಿದಿರಬಹುದಾ, ಫಿಫ್ಟಿ-ಫಿಫ್ಟಿನಾ ಅಂತ ಕೇಳಿದರು. ಪೆಟಿಟ್ ಹೌದು ಅಂದುಬಿಟ್ಟರು. ಸರ್ಕಾರಿ ವಕೀಲರ ಮುಖ ಹೇಗಾಗಿರಬೇಡ!

ಬ್ಯಾಟರಿ ಕೆಂಪಾಯ್ತು, ಉಳಿದದ್ದು ಒಂದೇ ಉಸಿರಿಗೆ. ತೋರಿಸಬಾರದ ವಿಡಿಯೋವನ್ನು ಸರ್ಕಾರಿ ವಕೀಲರು ಜ್ಯೂರಿಗೆ, ಅಂದ್ರೆ ತೀರ್ಪು ಕೊಡುವ ಸಾಮಾನ್ಯ ಜನರ ತಂಡಕ್ಕೆ ತೋರಿಸಿದ್ದಕ್ಕೆ 2011ರ ಮೊದಲ ವಿಚಾರಣೆ ರದ್ದಾಯ್ತು. 2012ರ ಜೂನ್ 18ರಂದು ಆರೂ ಆರೋಪಗಳಿಂದ ಖುಲಾಸೆ. ಅದೇ ವರ್ಷ ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವಿರುದ್ಧ 26 ಜನ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು, ಅದರಲ್ಲಿ 11 ಮಂದಿ ಹಳೇ ಜೊತೆಗಾರರು. ಅಲ್ಲಿ ಡೋಪಿಂಗ್ ಕೇಸ್ ಗಟ್ಟಿಯಾಗಿ ನಿಂತಿತು. ನನ್ನ ಕೇಳಿದ್ರೆ, ಎಷ್ಟು ಜನ ಅನ್ನೋದಕ್ಕಿಂತ ಎಲ್ಲರ ಮಾತೂ ಒಂದಕ್ಕೊಂದು ಕೂಡಿಬಂದಿದ್ದೇ ದೊಡ್ಡದು.

ಅಂದಹಾಗೆ, ಕ್ಲೆಮೆನ್ಸ್ ಇನ್ನೂ ಹಾಲ್ ಆಫ್ ಫೇಮ್, ಅಂದ್ರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ ಸೇರಿಲ್ಲ. ಅಲ್ಲಿ ವೋಟು ಹಾಕುವುದು ಬೇಸ್‌ಬಾಲ್ ಪತ್ರಕರ್ತರು. ಬೇಕಿದ್ದದ್ದು ಶೇ. 75. 2022ರಲ್ಲಿ, ಅವರ ಮುಂದೆ ಕೊನೇ ಸಲ ನಿಂತಾಗ, ಸಿಕ್ಕಿದ್ದು ಶೇ. 65.2.