ಹಳೇ ಅಂಚೆಚೀಟಿಯ ಹಲ್ಲು ಅಸಲಿಯಾ? ಪಕ್ಕಕ್ಕೊಂದು ಅಗ್ಗದ ಚೀಟಿ ಇಡಿ

ಕ್ಯಾಮೆರಾ ಇನ್ನೂ ಸ್ವಲ್ಪ ಹತ್ತಿರ ತರ್ತೇನೆ. ಈಗ ಸರಿ ಕಾಣ್ತದೆ. ಇದು ಅಮೆರಿಕದ ಎರಡು ಸೆಂಟಿನ ಕೆಂಪು ವಾಷಿಂಗ್ಟನ್ ಚೀಟಿ, ನೀರ್ಚಾಲಿನ ಹಿರಿಯರೊಬ್ಬರ ಆಲ್ಬಮ್ಮಿನದ್ದು. ಮೊದಲು ಬಲಗಡೆಯ ಹಲ್ಲು ನೋಡಿ. ಒಂದೊಂದು ತುದಿಯಲ್ಲೂ ಕಾಗದದ ನಾರು ಎದ್ದಿದೆ, ಒಣಗಿದ ಅಡಿಕೆ ಹಾಳೆ ಹರಿದರೆ ಏಳ್ತದಲ್ಲ, ಹಾಗೆ. ಇನ್ನು ಎಡಗಡೆ ನೋಡಿ. ತುದಿಗಳೆಲ್ಲ ಚಪ್ಪಟೆ, ನಾರೇ ಇಲ್ಲ.

ಯಂತ್ರದ ಸೂಜಿ ಹಾಳೆಯಲ್ಲಿ ತೂತು ಹೊಡೆಯುವುದಷ್ಟೇ. ಎರಡು ತೂತಿನ ನಡುವೆ ಉಳಿದ ಕಾಗದವನ್ನು ಬಿಡಿಸುವುದು ನಮ್ಮ ಕೈ. ಕೈಯಲ್ಲಿ ಹರಿದರೆ ನಾರು ಏಳ್ತದೆ. ನೇರ ಅಂಚಿನ ಚೀಟಿಗೆ ಯಾರೋ ಆಮೇಲೆ ಹಲ್ಲು ಕೊರೆದರೆ, ತುದಿಯಲ್ಲಿ ಉಳಿಯುವುದು ಆ ಹಳೇ ನೇರ ಅಂಚೇ. ಆದರೆ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಅಂಚೆ ಕಚೇರಿಯಲ್ಲಿ ಕತ್ತರಿಯಿಂದ ಬೇರ್ಪಡಿಸಿದ ಅಸಲಿ ಚೀಟಿಯಲ್ಲೂ ತುದಿ ಚಪ್ಪಟೆ ಇರಬಹುದು.

ಇಷ್ಟು ಕಷ್ಟಪಟ್ಟು ಹಲ್ಲು ಕೊರೆಯುವುದು ಯಾಕೆ? ಆ ಕಾಲದಲ್ಲಿ ಅಮೆರಿಕದಲ್ಲಿ 400 ಚೀಟಿಯ ದೊಡ್ಡ ಹಾಳೆ ಅಚ್ಚಾಗಿ, ನೂರು ನೂರರ ನಾಲ್ಕು ಹಾಳೆಯಾಗಿ ಕತ್ತರಿಸಲ್ಪಡುತ್ತಿತ್ತು. ಕತ್ತರಿಸಿದ ಎರಡು ಬದಿಯಲ್ಲಿ ತೂತು ಇರಲಿಲ್ಲ. ಹಾಗಾಗಿ ನೂರರಲ್ಲಿ 19 ಚೀಟಿಗೆ ನೇರ ಅಂಚು. ಸಂಗ್ರಾಹಕರು ಅದನ್ನು ಕುಂದು ಅಂತ ದೂರ ಇಟ್ಟರು, ಬೆಲೆ ಇಳಿಯಿತು, ಹಲ್ಲು ಕೊರೆಯುವವರಿಗೆ ಕೆಲಸ ಸಿಕ್ಕಿತು. ವಿಕ್ಟೋರಿಯಾ ಕಾಲದ ಬ್ರಿಟಿಷ್ ಚೀಟಿಗಳಲ್ಲೂ ಹೀಗೇ. ಒಂದು ಬದಿಗೆ ರೆಕ್ಕೆಯ ಹಾಗೆ ಅಗಲ ಅಂಚಿದ್ದವನ್ನು ಕತ್ತರಿಸಿ, ಹಲ್ಲು ಮೂಡಿಸಿ ಮಾರಿದವರಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಆ ಚೀಟಿ ಹಾಳೆಯಲ್ಲಿ ಎಲ್ಲಿ ಕೂತಿತ್ತು ಅನ್ನುವುದಕ್ಕೆ ನೇರ ಅಂಚೇ ಸಾಕ್ಷಿ. ಹಲ್ಲು ಕೊರೆದವರು ಆ ಸಾಕ್ಷಿಯನ್ನೇ ಅಳಿಸಿಬಿಟ್ಟರು.

ಈಗ ಗೇಜ್, ಅಂದರೆ ತೂತಿನ ಲೆಕ್ಕ ನೋಡುವ ಪಟ್ಟಿ, ಇಡ್ತೇನೆ. ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತು ಅನ್ನುವ ಈ ಲೆಕ್ಕವನ್ನು 1866ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆಗ್ರಾಂಡ್ ಬಳಕೆಗೆ ತಂದರು. ಇಲ್ಲಿ ಎರಡೂ ಬದಿ 12. ಇಲ್ಲೇ ಹೆಚ್ಚಿನವರು ನಿಲ್ಲಿಸ್ತಾರೆ, ನೀವು ನಿಲ್ಲಿಸಬೇಡಿ. ಹಲ್ಲು ಕೊರೆಯುವವರಿಗೂ 12 ಅಂತ ಗೊತ್ತುಂಟು. ಚೀಟಿಯನ್ನು ಕಪ್ಪು ಕಾಗದದ ಮೇಲೆ ಮಗುಚಿ ಹಾಕಿ. ಮಗುಚಿದಾಗ ಎಡಬಲ ಅದಲುಬದಲಾಗ್ತದೆ, ನಾನು ಹೇಳುವುದು ಮುಂಬದಿಯ ಎಡಬಲ. ಬಲಗಡೆ ತೂತುಗಳು ಒಂದೇ ಗೆರೆಯಲ್ಲಿ, ಒಂದೇ ಗಾತ್ರದಲ್ಲಿ ಸಾಗುತ್ತವೆ. ಎಡಗಡೆ ಮೂರನೆಯದು ಒಳಗೆ ಸರಿದಿದೆ, ಅದರ ಕೆಳಗಿನದ್ದು ಆಳ ಕಮ್ಮಿ, ಗೆರೆ ಕೆಳಗೆ ಹೋಗ್ತಾ ಹೋಗ್ತಾ ವಾಲಿದೆ.

ಇನ್ನೂ ಸಂಶಯವಾ? ಅದೇ ಸರಣಿಯ ಅಗ್ಗದ, ಹರಕು ಚೀಟಿಯೊಂದನ್ನು ಪಕ್ಕದಲ್ಲಿಡಿ. ಯಾರೂ ಮುಟ್ಟದ ಚೀಟಿ ಅದು, ಅದಕ್ಕೆ ಸುಳ್ಳು ಹಲ್ಲು ಕೊರೆದು ಯಾರಿಗೂ ಲಾಭ ಇಲ್ಲ. ತೂತಿನ ಗಾತ್ರ, ಚೀಟಿಯ ಅಗಲ ಎರಡನ್ನೂ ಹೋಲಿಸಿ. ನಮ್ಮ ಈ ಚೀಟಿ ಅದಕ್ಕಿಂತ ಸಣಕಲು. ನನ್ನ ಮಟ್ಟಿಗೆ ಅನುಮಾನ ಉಳಿದಿಲ್ಲ. ಎಡ ಅಂಚು ಆಮೇಲೆ ಮಾಡಿದ್ದು.

ಇದರ ಉಲ್ಟಾ ಮೋಸವೂ ಉಂಟು. ಹಲ್ಲನ್ನೇ ಕತ್ತರಿಸಿ ಕಾಯಿಲ್ ಚೀಟಿ (ಸುರುಳಿಯಲ್ಲಿ ಮಾರುವ, ಎದುರುಬದುರು ಎರಡು ಬದಿ ನೇರ ಇರುವ ಚೀಟಿ) ಅನ್ನುವುದು, ಇಲ್ಲವೇ ಇಂಪರ್ಫ್ (ಯಾವ ಬದಿಗೂ ತೂತೇ ಹೊಡೆಯದ ಚೀಟಿ) ಅನ್ನುವುದು. ಕತ್ತರಿಸಿದ ಚೀಟಿ ಸಣ್ಣದಾಗ್ತದೆ, ಹಾಗಾಗಿ ಅಲ್ಲೂ ಅಳತೆಪಟ್ಟಿ ಸತ್ಯ ಹೇಳ್ತದೆ. ದುಬಾರಿ ಇಂಪರ್ಫ್ ಬೇಕಿದ್ದರೆ ಬಿಡಿ ಚೀಟಿ ಬೇಡ, ಜೋಡಿಯೇ ತಗೊಳ್ಳಿ, ಎರಡರ ನಡುವೆ ತೂತಿಲ್ಲ ಅನ್ನುವುದು ಅಲ್ಲೇ ಕಾಣ್ತದೆ.

ಕಾಸರಗೋಡಿನವರಿಗೆ ಇದು ದೂರದ ಮಾತಲ್ಲ. 1956ರ ತನಕ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವರು, ಬ್ರಿಟಿಷ್ ಇಂಡಿಯಾದ ಚೀಟಿ ಅಂಟಿಸಿದ ಕಾಗದಗಳು ಹಳೇ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಸಿಗ್ತವೆ. ದಕ್ಷಿಣಕ್ಕೆ ಹೋದರೆ ತಿರುವಿತಾಂಕೂರಿನ ಅಂಚಲ್ ಚೀಟಿ, ಅಂದರೆ ಆ ಸಂಸ್ಥಾನದ ಸ್ವಂತ ಅಂಚೆಯ ಚೀಟಿ. ಅವುಗಳಲ್ಲಿ ಒಂದೇ ಚಿತ್ರಕ್ಕೆ 12 ಉಂಟು, 12½ ಉಂಟು, ಎರಡೂ ಬೆರೆತದ್ದೂ ಉಂಟು. ಗೇಜ್ ಬದಲಾದರೆ ಬೆಲೆ ಬದಲಾಗ್ತದೆ. ಹಾಗಾಗಿ ಅಂಥದ್ದನ್ನು ಲಕೋಟೆಯಿಂದ ಕಿತ್ತು ತೊಳೆಯಬೇಡಿ. ಲಕೋಟೆಯ ಮೇಲೆ ಚೀಟಿಯಿಂದ ಕಾಗದಕ್ಕೂ ಹಬ್ಬಿದ ಮೊಹರಿನ ಮಸಿ, ಅಂಚು ಅಂದಿನದ್ದೇ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ.

ಆನ್‌ಲೈನಿನಲ್ಲಿ ಕೊಳ್ಳುವವರು ಕಪ್ಪು ಹಿನ್ನೆಲೆಯಲ್ಲಿ ಹಿಂಬದಿಯ ಫೋಟೋ ಕೇಳಿ, ನಾಲ್ಕೂ ಅಂಚು ಪೂರ್ತಿ ಕಾಣಬೇಕು. ಕೊಡಲಿಕ್ಕೆ ಹಿಂದೆ ಮುಂದೆ ನೋಡಿದರೆ ಆ ಚೀಟಿ ನಿಮಗೆ ಬೇಡ.